ಕುದುರೆ, ಕೊಡೆ ಮತ್ತು ಹದಿನೆಂಟು ದಿನಾರಿನ ಗೋಡೆ

ನಾನು ಈಗ ಕೂತು ಬರೆಯುತ್ತಿರುವ ಮೇಜಿನ ಹಲಗೆಗೆ ಹದಿನೆಂಟು ದಿನಾರ್ ಕೊಟ್ಟಿದ್ದೆ. ಹನ್ನೊಂದಕ್ಕೆ ಸಿಗಬೇಕಾದ ಮಾಲು. ಎರಡು ಸಲ ಹೊರಟು ಹೋಗುವ ನಾಟಕ ಆಡಿದ್ದರೆ ಹತ್ತಕ್ಕೂ ಆಗುತ್ತಿತ್ತು. ನಾನು ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಮೀನಿಗೆ ಚೌಕಾಸಿ ಮಾಡಿದವನು ನಾನು, ಬಟ್ಟೆಗೆ ಮಾಡಿದವನು, ಒಮ್ಮೆ ಹಲ್ಲಿನ ಡಾಕ್ಟರರ ಹತ್ತಿರ 'ಎರಡು ಕಿತ್ತರೆ ಒಂದಕ್ಕೆ ಎಷ್ಟು ಬೀಳುತ್ತದೆ' ಎಂದು ಕೇಳಿದವನು. ನೋಯುತ್ತಿದ್ದದ್ದು ಒಂದೇ ಹಲ್ಲು.

ಆ ದಿನ ಮಾತ್ರ ಕೇಳಿದಷ್ಟು ಕೊಟ್ಟುಬಿಟ್ಟೆ. ಕಾರಣ ಸಿಟ್ಟು. ಸಿಟ್ಟಿನಲ್ಲಿರುವ ಗಿರಾಕಿಯಷ್ಟು ಒಳ್ಳೆಯ ಗಿರಾಕಿ ಇನ್ನೊಬ್ಬನಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಆ ಸತ್ಯದ ಮೇಲೆಯೇ ನಮ್ಮ ಅಂಗಡಿ ನಡೆಯುತ್ತಿತ್ತು. ಅದನ್ನು ಹೇಳುತ್ತೇನೆ. ಮೊದಲು ಬಡಗಿಯ ಕತೆ.

ಬಹರೈನಿನ ಟುಬ್ಲಿಯಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ, ಕುಂಞಿರಾಮ ಎಂಬ ಕೇರಳದ ಬಡಗಿಯಿದ್ದ. ಎರಡು ಹಾಳೆ ಪ್ಲೈವುಡ್, ಚೌಕಟ್ಟಿನ ರೀಪು, ಕೂರಿಸುವ ಕೂಲಿ ಎಲ್ಲ ಸೇರಿಸಿ "ಹದಿನೆಂಟು" ಅಂದ. ಅಂದವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಕಾಲು ಅಗಲಿಸಿ ಗಟ್ಟಿಯಾಗಿ ನಿಂತ. ನನ್ನ ಜೊತೆ ವ್ಯವಹಾರ ಅಂದರೆ ಅರ್ಧ ಗಂಟೆಯ ಕುಸ್ತಿ ಎಂದು ಅವನಿಗೆ ಗೊತ್ತು. ನಾನು ಸುಮ್ಮನೆ ಹಣ ತೆಗೆದು ಕೈಗಿಟ್ಟೆ. ಅವನ ಮುಖ ಬಾಡಿತು.

"ಇಕ್ಕಾ, ಮೈಗೆ ಹುಷಾರಿಲ್ವಾ?" ಇಕ್ಕಾ ಎಂದರೆ ಅವನ ಮಾತಿನಲ್ಲಿ ಅಣ್ಣ.

"ಹುಷಾರುಂಟು. ಇವತ್ತೇ ಆಗ್ಬೇಕು."

"ಊರಲ್ಲಿ ಯಾರಾದ್ರೂ ತೀರಿಕೊಂಡ್ರಾ?"

"ಯಾರೂ ಇಲ್ಲ ಮಾರಾಯಾ. ಮೊಳೆ ಹೊಡಿ, ಗಟ್ಟಿ ಮಾಡಿ ಹೊಡಿ. ಇನ್ನು ಕೀಳ್ಲಿಕ್ಕಿಲ್ಲ."

ಕುಂಞಿರಾಮ ನೋಟುಗಳನ್ನು ನೋಡಿದ, ನನ್ನನ್ನು ನೋಡಿದ. "ಇಷ್ಟು ಕೊಟ್ಟಿದ್ದೀರಿ, ಸ್ಕ್ರೂನೇ ಹಾಕುವಾ" ಅಂದ. "ನಿನ್ನಿಷ್ಟ" ಅಂದೆ. ಸ್ಕ್ರೂವಿನ ಬೆಲೆ ಲೆಕ್ಕ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಗ ಅದು ಮೇಜಾಗಿರಲಿಲ್ಲ, ಗೋಡೆಯಾಗಿತ್ತು. ಮನಾಮದ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ ನಾನೂ ನನ್ನ ಅಕ್ಕನ ಗಂಡ ಹಮೀದ್ ಭಾವನೂ ಜೊತೆಯಾಗಿ ನಡೆಸುತ್ತಿದ್ದ ಕ್ಯಾಸೆಟ್ ಅಂಗಡಿಯ ನಟ್ಟನಡುವೆ, ಮುಂದಿನ ಹೊಸ್ತಿಲಿನಿಂದ ಹಿಂದಿನ ಗೋಡೆಯವರೆಗೆ ಕೂರಿಸಿದ ಗೋಡೆ. ಕಾರಣ, ಇಂಗ್ಲೆಂಡಿನ ಎರಡು ರಾಕ್ ತಂಡಗಳು. ಆ ತಂಡಗಳವರನ್ನು ನಾವು ನೋಡಿರಲಿಲ್ಲ. ಅವರ ಹಾಡಿನಲ್ಲಿ ನಮಗೆ ಅರ್ಥವಾಗುತ್ತಿದ್ದ ಶಬ್ದ 'ಬೇಬಿ' ಒಂದೇ, ಅದನ್ನೂ ನಾವು ಕೂಸು ಎಂದೇ ತಿಳಿದು, ಇವರೆಲ್ಲ ಮಕ್ಕಳ ಮೇಲೆ ಎಷ್ಟು ಪ್ರೀತಿ ಇರುವವರು ಎಂದು ಮೆಚ್ಚಿಕೊಂಡಿದ್ದೆವು.

ತಂಡಗಳ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಮೇಲೆ ಸಿಟ್ಟಾಗುತ್ತೀರಿ, ಉಳಿದರ್ಧ ಆ ಅರ್ಧದ ಮೇಲೆ. ನಮ್ಮ ಅಂಗಡಿಯಲ್ಲಿ ಅವಕ್ಕೆ ಬೇರೆಯೇ ಹೆಸರಿತ್ತು. ಒಂದರ ಕವರಿನ ಮೇಲೆ ಕುದುರೆಯ ಚಿತ್ರ, ಇನ್ನೊಂದರ ಮೇಲೆ ಕಪ್ಪು ಕೊಡೆ. ನಾವು ಊರಲ್ಲಿ ಚಿಹ್ನೆ ನೋಡಿ ಓಟು ಹಾಕಿದವರು. ಹಾಗೆ ಅವು 'ಕುದುರೆ ಪಾರ್ಟಿ', 'ಕೊಡೆ ಪಾರ್ಟಿ' ಆದವು.

ಅಷ್ಟು ದೂರದವರ ಪೈಪೋಟಿ ನಮ್ಮ ಎಂಟಡಿ ಅಗಲದ ಅಂಗಡಿಗೆ ಹೇಗೆ ಬಂತು? ತಾನಾಗಿ ಬರಲಿಲ್ಲ. ತಂದವನು ನಾನು. ಆ ಬುದ್ಧಿ ನನಗೆ ಬಂದದ್ದು ಉಳ್ಳಾಲದ ಕಡೆಯ ಒಂದು ಗದ್ದೆಯಲ್ಲಿ, ಜೋಡಾಟದ ಮಗ್ಗುಲಲ್ಲಿ ಸೋಡಾ ಮಾರುವಾಗ.

ಜೋಡಾಟ ನೋಡದವರಿಗೆ ಒಂದು ಮಾತು. ಎರಡು ಯಕ್ಷಗಾನ ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುವುದು. ಅಲ್ಲಿಯ ಭೀಮ ಒಂದು ಸುತ್ತು ತಿರುಗಿದರೆ ಇಲ್ಲಿಯ ಭೀಮ ಎರಡು ತಿರುಗಬೇಕು. ಅಲ್ಲಿ ಚೆಂಡೆ ಒಂದಾದರೆ ಇಲ್ಲಿ ಎರಡು. ಪ್ರೇಕ್ಷಕರು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತ, ಪಕ್ಕದವನ ಮೇಳವನ್ನು ಹೀಯಾಳಿಸುತ್ತ, ಸ್ವಲ್ಪ ಹೊತ್ತಿಗೆ ಆಟ ಬಿಟ್ಟು ತಮ್ಮೊಳಗೇ ಶುರುಮಾಡುತ್ತಿದ್ದರು. ನಾನು ಆಗ ಗೋಲಿಸೋಡಾದ ಪೆಟ್ಟಿಗೆ ಹೊತ್ತು ತಿರುಗುತ್ತಿದ್ದೆ. ಒಂದೇ ಮೇಳದ ಆಟವಿದ್ದರೆ ಒಂದು ಪೆಟ್ಟಿಗೆ ಖರ್ಚಾಗುವುದೂ ಕಷ್ಟ. ಜೋಡಾಟದ ದಿನ ನಾಲ್ಕು! ಜಗಳ ಆಡುವವನ ಗಂಟಲು ಒಣಗುತ್ತದೆ. ಗಂಟಲು ಒಣಗಿದವನು ಸೋಡಾದ ರೇಟು ಕೇಳುವುದಿಲ್ಲ.

ಇನ್ನೊಂದನ್ನೂ ಆಗಲೇ ಗಮನಿಸಿದ್ದೆ. ಎರಡು ಮೇಳಗಳನ್ನು ಜಗಳಕ್ಕೆ ನಿಲ್ಲಿಸಿದ ಕಂಟ್ರಾಕ್ಟುದಾರ ಒಬ್ಬನೇ. ಟಿಕೇಟೂ ಒಂದೇ. ಬೆಳಿಗ್ಗೆ ಎರಡು ಮೇಳದ ಭೀಮರೂ ಬಣ್ಣ ತೊಳೆದು ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಿದ್ದರು. ಅಷ್ಟು ಹೊತ್ತಿಗೆ ಪ್ರೇಕ್ಷಕರಲ್ಲಿ ಯಾರಾದರೂ ಇಬ್ಬರು ಮಾತು ಬಿಟ್ಟಾಗಿರುತ್ತಿತ್ತು.

ಹೀಗೆ ಕಲಿತ ವಿದ್ಯೆಯನ್ನು ಇಪ್ಪತ್ತು ವರ್ಷ ಜೋಪಾನ ಮಾಡಿ ಮನಾಮಕ್ಕೆ ಹೊತ್ತು ತಂದೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ಕ್ಯಾಸೆಟ್ಟಿಗೆ ಆಗ ಇದ್ದ ಗಿರಾಕಿ ಈಗ ಮೊಬೈಲಿಗೂ ಇಲ್ಲ. ಗಾಡಿಯಲ್ಲಿ ಬರುವ ಅರಬಿ ಹುಡುಗರು, ಆಸ್ಪತ್ರೆಯ ನರ್ಸುಗಳು, ಹೋಟೆಲಿನ ಗೋವಾದವರು, ಬ್ಯಾಂಕಿನ ಗುಮಾಸ್ತರು ಎಲ್ಲರೂ ಬರುತ್ತಿದ್ದರು. ನಾವು ಅಸಲು ಕ್ಯಾಸೆಟ್ ಒಂದನ್ನು ತರಿಸಿ, ಖಾಲಿ ಕ್ಯಾಸೆಟ್ಟಿಗೆ ನಕಲು ಇಳಿಸಿ ಮಾರುತ್ತಿದ್ದೆವು. ಗಲ್ಲಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಅದು ಸರಿಯೋ ತಪ್ಪೋ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ.

ಕುದುರೆಯೂ ಕೊಡೆಯೂ ಒಬ್ಬನೇ ಸಗಟು ವ್ಯಾಪಾರಿಯಿಂದ, ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ, ಮೈಗೆ ಮೈ ತಾಗಿಸಿಕೊಂಡು ಬರುತ್ತಿದ್ದವು. ಪೆಟ್ಟಿಗೆ ಬಿಚ್ಚಿದವನು ನಾನೇ. ಬಿಚ್ಚಿ, ಕುದುರೆಯನ್ನು ಎಡಗಡೆಯ ಕಪಾಟಿನಲ್ಲಿ, ಕೊಡೆಯನ್ನು ಬಲಗಡೆಯ ಕಪಾಟಿನಲ್ಲಿ ಜೋಡಿಸಿದೆ. ಎಡಗಡೆ ನಾನು ನಿಂತೆ, ಬಲಗಡೆ ಭಾವನನ್ನು ನಿಲ್ಲಿಸಿದೆ.

"ಇದೆಂತಕ್ಕೆ ಹೀಗೆ?" ಎಂದು ಭಾವ ಕೇಳಿದರು. (ಮನೆಯಲ್ಲಿ ನಮ್ಮದು ಬ್ಯಾರಿ ಮಾತು. ನಿಮಗಾಗಿ ಕನ್ನಡದಲ್ಲಿ ಆಡಿಸುತ್ತಿದ್ದೇನೆ.)

"ನೀವು ಸುಮ್ಮನೆ ನಿಲ್ಲಿ ಭಾವ. ನಾನು ಕುದುರೆ ಒಳ್ಳೇದು ಹೇಳ್ತೇನೆ, ನೀವು ಕೊಡೆ ಒಳ್ಳೇದು ಹೇಳಿ. ಅಷ್ಟೇ ವ್ಯಾಪಾರ."

"ಸುಳ್ಳು ಹೇಳ್ಬೇಕಾ?"

"ಸುಳ್ಳೆಂತ ಉಂಟು? ಯಾವುದು ಒಳ್ಳೇದು ಅಂತ ನಮಗೆ ಗೊತ್ತೇ ಇಲ್ವಲ್ಲ!"

ಕುದುರೆ ಕೊಳ್ಳಲು ಬಂದ ಹುಡುಗನಿಗೆ ನಾನು ಮೆಲ್ಲಗೆ, "ಆ ಕಡೆಯವರು ಹೇಳುವುದು ನಿಮ್ಮ ಡ್ರಮ್ಮಿನವನಿಗೆ ತಾಳವೇ ಗೊತ್ತಿಲ್ಲವಂತೆ" ಅನ್ನುತ್ತಿದ್ದೆ. ಹುಡುಗ ಕೆಂಪಾಗಿ ಇನ್ನೊಂದು ಕ್ಯಾಸೆಟ್ ಹೆಚ್ಚಿಗೆ ಕೊಳ್ಳುತ್ತಿದ್ದ. ಯಾಕೆ ಎಂದು ನನ್ನನ್ನು ಕೇಳಬೇಡಿ. ಮನುಷ್ಯ ತನ್ನ ಇಷ್ಟಕ್ಕೆ ಒಂದು ಕೊಳ್ಳುತ್ತಾನೆ, ಇನ್ನೊಬ್ಬನ ಕಷ್ಟಕ್ಕೆ ಎರಡು. ಫಿಲೋಮಿನಾ ಎಂಬ ಬಜಪೆಯ ಕಡೆಯ ನರ್ಸಮ್ಮ ಎರಡನ್ನೂ ಕೇಳುತ್ತಿದ್ದವಳು, ನನ್ನ ಒಂದು ತಿಂಗಳ ಆರೈಕೆಯಲ್ಲಿ ಕಟ್ಟಾ ಕುದುರೆಯಾಗಿ, ರೂಮಿನ ಗೆಳತಿಯ ಜೊತೆ ಮಾತು ಬಿಟ್ಟಳು. ಆಮೇಲೆ ಗೆಳತಿಯೂ ಬಂದು ಭಾವನ ಹತ್ತಿರ ತನ್ನದೇ ಕ್ಯಾಸೆಟ್ ಕೊಂಡಳು. ಅಷ್ಟರವರೆಗೆ ಇಬ್ಬರಿಗೂ ಒಂದೇ ಸಾಕಾಗುತ್ತಿತ್ತು. ನಾನು ಒಳಗೊಳಗೇ ನನ್ನ ಬೆನ್ನು ತಟ್ಟಿಕೊಂಡೆ.

ತಪ್ಪಿದ್ದು ಒಂದೇ ಕಡೆ. ಜೋಡಾಟದ ಕಂಟ್ರಾಕ್ಟುದಾರ ಯಾವ ಮೇಳದ ಪರವಾಗಿಯೂ ನಿಲ್ಲುವುದಿಲ್ಲ. ನಾನು ನಿಂತೆ. ಭಾವನನ್ನೂ ನಿಲ್ಲಿಸಿದೆ.

ಹಮೀದ್ ಭಾವ ನನ್ನ ಹಾಗಲ್ಲ. ಅವರ ಕಿವಿ ಒಳ್ಳೆಯದು. ಊರಲ್ಲಿ ಮದುವೆ ಮನೆಗಳಲ್ಲಿ ಬೈತು ಹಾಡಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ದಿನವೂ ಕೊಡೆಯ ಹಾಡು ಕೇಳಿ ಕೇಳಿ, ನನಗೆ ತಿಳಿಯದ ಹಾಗೆ, ಅವರಿಗೆ ಅದು ನಿಜವಾಗಿಯೂ ಹಿಡಿಸಿಬಿಟ್ಟಿತು. ಒಂದು ದಿನ ಕಣ್ಣು ಮುಚ್ಚಿಕೊಂಡು, "ಇವನ ಹಾಡಲ್ಲಿ ಒಂದು ನೋವು ಉಂಟು ಉಮ್ಮರ್" ಅಂದರು.

"ನೋವು ಹಾಡಲ್ಲಿ ಅಲ್ಲ ಭಾವ, ನಿಮ್ಮ ಕಿವಿಯಲ್ಲಿ" ಎಂದೆ. ಗಿರಾಕಿಗಳು ನಕ್ಕರು. ಗಿರಾಕಿಗಳೆದುರು ನಗಿಸುವುದು ನನ್ನ ಕೆಲಸ. ಭಾವ ನಗಲಿಲ್ಲ. ಅಂಗಡಿಗೆ ಮೊದಲ ದುಡ್ಡು ಹಾಕಿದವರು ಅವರು. ನನ್ನನ್ನು ಊರಿಂದ ಕರೆಸಿಕೊಂಡವರೂ ಅವರೇ. ಆದರೆ ಮಾತು ಪೂರ್ತಿ ನನ್ನದು. ಗಲ್ಲಿಯವರು ಅದನ್ನು 'ಉಮ್ಮರ್ ಭಾಯ್ ಅಂಗಡಿ' ಎಂದು ಕರೆಯುತ್ತಿದ್ದರು. ನಾನು ಒಮ್ಮೆಯೂ ತಿದ್ದಲಿಲ್ಲ.

ಆಮೇಲೆ ಕುದುರೆಯವರ ಹೊಸ ಕ್ಯಾಸೆಟ್ ಬಂತು, ಜೊತೆಗೊಂದು ದೊಡ್ಡ ಪೋಸ್ಟರು. ಅಂಗಡಿಗೆ ಮುಂದುಗಡೆ ಇದ್ದದ್ದು ಒಂದೇ ಗಾಜು. ಅರ್ಧ ಕುದುರೆ, ಅರ್ಧ ಕೊಡೆ ಎಂಬ ಒಪ್ಪಂದವಿತ್ತು. ಭಾವ ನಮಾಜಿಗೆ ಹೋಗಿದ್ದಾಗ ನಾನು ಕೊಡೆಯ ಪೋಸ್ಟರು ತೆಗೆದು, ಗಾಜಿನ ಪೂರ್ತಿ ಕುದುರೆ ಅಂಟಿಸಿದೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿ. ಈಗಲೂ ಸರಿಯೇ ಅನ್ನುತ್ತೇನೆ.

ಭಾವ ಬಂದು ಹೊರಗಡೆಯೇ ನಿಂತರು.

"ಕೇಳಿದ್ಯಾ?"

"ಎಂತ ಕೇಳುದು ಭಾವ? ಹೊಸ ಮಾಲು, ನಾಲ್ಕು ದಿನ ಇರ್ಲಿ."

"ಪೋಸ್ಟರ್ ಹಾಳಾಗಿ ಹೋಗ್ಲಿ. ನನ್ನ ಹತ್ರ ಕೇಳಿದ್ಯಾ ನೀನು? ಇಷ್ಟು ವರ್ಷದಲ್ಲಿ ಯಾವುದನ್ನಾದ್ರೂ ಕೇಳಿದ್ಯಾ?"

ಆಗ ನಾನು 'ತಪ್ಪಾಯ್ತು' ಎಂದು ಒಂದು ಮಾತು ಹೇಳಬೇಕಿತ್ತು. ಅದಕ್ಕೆ ಖರ್ಚೇ ಇರಲಿಲ್ಲ. ನಾನು ಹೇಳಿದ್ದು ಬೇರೆ: "ಕೊಡೆಯನ್ನು ಗಾಜಿಗೆ ಹಾಕಿದ್ರೆ ಈ ಊರಲ್ಲಿ ಯಾರು ತಗೊಳ್ತಾರೆ, ಇಲ್ಲಿ ಮಳೆ ಬರುದೇ ಇಲ್ಲ!" ಮತ್ತೆ ಗಿರಾಕಿಗಳು ನಕ್ಕರು.

"ಹಾಗಾದ್ರೆ ನಿನ್ನ ಅಂಗಡಿ ನಿನಗೆ, ನನ್ನದು ನನಗೆ" ಅಂದರು ಭಾವ. ಆ ಸಂಜೆಯೇ ನಾನು ಟುಬ್ಲಿಗೆ ಹೋದೆ.

ಗೋಡೆ ಎದ್ದಿತು. ಪಾಲಿನಲ್ಲಿ ನಾನು ಒಂದು ಇಂಚೂ ಬಿಡಲಿಲ್ಲ, ಭಾವನೂ ಬಿಡಲಿಲ್ಲ. ಕಪಾಟು ಅವರಿಗೊಂದು, ನನಗೊಂದು. ಸ್ಟೂಲು ಅವರಿಗೊಂದು, ನನಗೊಂದು. ಎ.ಸಿ. ಇದ್ದದ್ದು ಒಂದೇ, ಅದು ಅವರ ಕಡೆಯ ಗೋಡೆಯಲ್ಲಿತ್ತು. ಲೈಟಿನ ಸ್ವಿಚ್ಚು ನನ್ನ ಕಡೆ. ಜುಲೈ ತಿಂಗಳು. ನಾನು ಬೆವರುತ್ತ ಬೆಳಕಿನಲ್ಲಿ ಕೂತೆ. ಅವರು ತಂಪಾಗಿ ಕೂತರು, ನಾನು ಸ್ವಿಚ್ಚು ಆರಿಸಿ ಹೊರಗೆ ಹೋದಾಗಲೆಲ್ಲ ಕತ್ತಲಲ್ಲಿ ಕೂತರು. ಟೇಪ್ ಡೆಕ್ಕುಗಳು ಎರಡಿದ್ದವು; ಅವರಿಗೊಂದು, ನನಗೊಂದು. ಎಷ್ಟು ಚೊಕ್ಕ ಪಾಲು ಎಂದು ಇಬ್ಬರಿಗೂ ಸಮಾಧಾನ.

ಮರುದಿನ ಮೊದಲ ಗಿರಾಕಿ ಬಂದು ಒಂದು ನಕಲು ಕೇಳಿದಾಗ ನನ್ನ ಕೈ ಗಾಳಿಯಲ್ಲೇ ನಿಂತಿತು. ಕ್ಯಾಸೆಟ್ ನಕಲು ಮಾಡುವುದೆಂದರೆ ಒಂದು ಡೆಕ್ಕು ಹಾಡಬೇಕು, ಇನ್ನೊಂದು ಬರೆದುಕೊಳ್ಳಬೇಕು. ನಡುವೆ ವಯರು. ಹಾಡುವ ಡೆಕ್ಕು ಭಾವನ ಕಡೆ ಹೋಗಿತ್ತು, ಬರೆದುಕೊಳ್ಳುವುದು ನನ್ನ ಕಡೆ ಉಳಿದಿತ್ತು. ಕತ್ತರಿಯನ್ನು ಬಿಚ್ಚಿ ಒಂದೊಂದು ಅಲಗು ಹಂಚಿಕೊಂಡ ಬುದ್ಧಿವಂತರು ನಾವು.

ಸೋತೆ ಎನ್ನುವುದು ಹೇಗೆ? "ಮಾಲು ಕಸ್ಟಮ್ಸಲ್ಲಿ ಸಿಕ್ಕಿಬಿದ್ದಿದೆ, ನಾಡಿದ್ದು ಬನ್ನಿ" ಎಂದು ಗಿರಾಕಿಯನ್ನು ಸಾಗಹಾಕಿದೆ. ಐದು ನಿಮಿಷ ಬಿಟ್ಟು ಗೋಡೆಯ ಆ ಕಡೆಯಿಂದ ಅದೇ ಮಾತು ಕೇಳಿಸಿತು, ಅದೇ 'ಕಸ್ಟಮ್ಸು', ಅದೇ 'ನಾಡಿದ್ದು'. ಆ ಸುಳ್ಳನ್ನು ಭಾವನಿಗೆ ಕಲಿಸಿಕೊಟ್ಟವನು ನಾನೇ. ಹತ್ತು ದಿನ ಹೀಗೆ ಇಬ್ಬರೂ ಹಳೆಯ ಮಾಲು ಒರೆಸುತ್ತ ಕೂತೆವು. ಎದುರಿನ ಅಂಗಡಿಯವನು ಮಾತ್ರ ಚೆನ್ನಾಗಿ ಬಾಳಿದ.

ನಾವಿದ್ದದ್ದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ನಫೀಸಕ್ಕನ ಅಡುಗೆಯ ನೆರಳಲ್ಲಿ. ಅಕ್ಕ ಮನೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಗೋಡೆ ಎದ್ದ ಮೇಲೆ ಭಾವ ಉಂಡು ಇಳಿದ ಮೇಲೆ ನಾನು ಹತ್ತುತ್ತಿದ್ದೆ. ಅಕ್ಕ ಮೂರು ದಿನ ನೋಡಿದಳು.

"ಉಮ್ಮರೇ, ಒಂದು ಕೇಳ್ತೇನೆ. ಆ ಇಂಗ್ಲಿಷಿನವರು ಯಾರಾದ್ರೂ ನನ್ನ ಮದುವೆಗೆ ಬಂದಿದ್ರಾ?"

"ಇಲ್ಲ."

"ನಿನಗೆ ಸುನ್ನತಿ ಮಾಡಿಸುವಾಗ ಕೈ ಹಿಡ್ಕೊಂಡದ್ದು ಅವರಾ?"

"ಅಕ್ಕ, ಊಟದ ಹೊತ್ತಲ್ಲಿ ಆ ವಿಷಯ ಎಂತಕ್ಕೆ..."

"ಮತ್ತೆ ಅವರಿಗೋಸ್ಕರ ನನಗೆ ಎರಡೆರಡು ಸಲ ಸಾರು ಬಿಸಿ ಮಾಡುವ ಕೆಲಸ ಯಾಕೆ ಕೊಟ್ರಿ?"

ಗಂಡನಿಗೂ ಇದೇ ಪ್ರಶ್ನೆ ಕೇಳಿದ್ದಳಂತೆ. ಸಾರು ಎರಡು ಸಲ ಬಿಸಿಯಾಗುತ್ತಲೇ ಇತ್ತು.

ಅಷ್ಟರಲ್ಲಿ ಅಬು ಖಲೀಲ್ ಬಂದರು. ಅಂಗಡಿಯ ಲೈಸೆನ್ಸು ಅವರ ಹೆಸರಿನಲ್ಲಿತ್ತು. ನಮ್ಮಿಬ್ಬರ ವೀಸಾ ಅವರ ಕಾಗದದ ಮೇಲಿತ್ತು. ಅಲ್ಲಿ ಅಂಥವರನ್ನು ಅರ್ಬಾಬ್ ಅನ್ನುತ್ತಾರೆ, ಯಜಮಾನ ಎಂದ ಹಾಗೆ. ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲ. ಕೈಯ ಜಪಮಣಿ ನಿಂತರೆ ಏನೋ ಕೆಟ್ಟಿದೆ ಎಂದು ಅರ್ಥ. ಗೋಡೆ ನೋಡಿದ ಕೂಡಲೇ ಮಣಿ ನಿಂತಿತು.

"ಶಿನು ಹಾದಾ?" ಇದೇನಿದು, ಎಂದರು. ನಾನು ಹೇಳಿದೆ. ಗೋಡೆಯ ಆ ಕಡೆಯಿಂದ ಭಾವನೂ ಹೇಳಿದರು. ಎರಡನ್ನೂ ಕೇಳಿ, ಪೇಟೆಯ ಹಿಂದಿಯಲ್ಲಿ ತೀರ್ಪು ಕೊಟ್ಟರು: "ಏಕ್ ಲೈಸೆನ್ಸ್, ಏಕ್ ದುಕಾನ್. ಎರಡು ಅಂಗಡಿಗೆ ನನ್ನ ಹತ್ತಿರ ಕಾಗದ ಇಲ್ಲ. ಗುರುವಾರ ಬರುತ್ತೇನೆ. ಯಾರು ಇರುತ್ತೀರಿ, ಯಾರು ಊರಿಗೆ ಹೋಗುತ್ತೀರಿ, ಹೇಳಿ. ಖಲಾಸ್."

ನನ್ನ ಕಾಲು ತಣ್ಣಗಾಯಿತು, ಎ.ಸಿ. ಇಲ್ಲದೆಯೇ. ಭಾವ ಹೋದರೆ ಅಕ್ಕನೂ ಹೋಗುತ್ತಾಳೆ. ನಾನು ಹೋದರೆ ಊರಲ್ಲಿ ನನಗಾಗಿ ಕಾಯುತ್ತಿರುವುದು ಖಾಲಿ ಸೋಡಾ ಪೆಟ್ಟಿಗೆ. ಹೀಗೆಲ್ಲ ಆಗಬಹುದೆಂದು ಗಾಜಿಗೆ ಪೋಸ್ಟರು ಅಂಟಿಸುವಾಗ ಯಾರಿಗೆ ಗೊತ್ತಿತ್ತು? ಆದರೂ ನಾನು ಗೋಡೆ ತಟ್ಟಲಿಲ್ಲ. ಆ ಕಡೆಯಿಂದಲೂ ಯಾರೂ ತಟ್ಟಲಿಲ್ಲ.

ಬುಧವಾರ ಸಂಜೆ ಟೋನಿ ಸಾಹೇಬ ಬಂದ. ಟೆಲಿಫೋನಿನ ಕೆಲಸದ ಇಂಗ್ಲಿಷಿನವನು, ಬುದಯ್ಯದ ಖರ್ಜೂರದ ತೋಟಗಳ ನಡುವೆ ಮನೆ. ಬಿಸಿಲಿಗೆ ಬೆಂದ ಸಿಗಡಿಯ ಬಣ್ಣ. ಪಾಪ, ತಲೆ ಹಿಡಿದುಕೊಂಡು ಕೂತ. ಅವನಿಗೆ ಇಬ್ಬರು ಗಂಡುಮಕ್ಕಳು, ದೊಡ್ಡವ ಕುದುರೆ, ಸಣ್ಣವ ಕೊಡೆ. ಬುದಯ್ಯದಿಂದ ಮನಾಮಕ್ಕೆ ಬರುವಷ್ಟೂ ದಾರಿ ಕಾರಿನಲ್ಲಿ ಯಾರ ಕ್ಯಾಸೆಟ್ ಎಂದು ಹೊಡೆದಾಟ. ಹೆಂಡತಿ ಹೇಳಿಬಿಟ್ಟಿದ್ದಳಂತೆ, ಶುಕ್ರವಾರ ಸಮುದ್ರಕ್ಕೆ ಹೋಗುವುದರೊಳಗೆ ಇದು ಮುಗಿಯದಿದ್ದರೆ ಟೇಪನ್ನೇ ಕಿತ್ತು ಸಮುದ್ರಕ್ಕೆ ಹಾಕುತ್ತೇನೆ ಎಂದು.

"ಒಂದೇ ಕ್ಯಾಸೆಟ್ ಮಾಡಿಕೊಡು" ಅಂದ. "ಒಂದು ಮಗ್ಗುಲು ಇವರು, ಇನ್ನೊಂದು ಮಗ್ಗುಲು ಅವರು. ಹೋಗುವಾಗ ಒಂದು, ಬರುವಾಗ ಒಂದು."

ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ, "ಸಾಹೇಬ್, ನೀವು ಅದೇ ಊರಿನವರು. ಈ ಎರಡು ಪಾರ್ಟಿಗೆ ಎಂತಕ್ಕೆ ಜಗಳ?" ಅವನು ತುಂಬ ಹೊತ್ತು ಯೋಚಿಸಿದ. ಎರಡೂ ತಂಡ ತನ್ನ ಊರಿನವೇ ಅಂದ. ರೈಲು ಹಳಿಯ ಈಚೆ ಒಂದು, ಆಚೆ ಒಂದು. ಒಂದೇ ಮಳೆ, ಒಂದೇ ಬಡತನ, ಒಂದೇ ತರದ ಬಾಜಾ. ಅಷ್ಟು ಹತ್ತಿರ ಇರುವುದರಿಂದಲೇ ಬೇರೆ ಎಂದು ತೋರಿಸಿಕೊಳ್ಳುವುದಕ್ಕೆ ಅಷ್ಟು ಗಲಾಟೆ ಬೇಕಾಯಿತು. ದೂರದವರ ಜೊತೆ ಯಾರು ಜಗಳ ಮಾಡುತ್ತಾರೆ, ಪುರುಸೊತ್ತು ಯಾರಿಗುಂಟು? ಉಳಿದದ್ದನ್ನು ಪೇಪರಿನವರೂ ಅಂಗಡಿಯವರೂ ನೋಡಿಕೊಂಡರು, ಅಂದ. ಅಂಗಡಿಯವರು ಎನ್ನುವಾಗ ನನ್ನನ್ನೇನೂ ನೋಡಲಿಲ್ಲ. ನಾನೇ ಆಚೆ ನೋಡಿದೆ.

ನಾಳೆ ಮಧ್ಯಾಹ್ನಕ್ಕೆ ಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಗಿರಾಕಿಗೆ ಇಲ್ಲ ಅನ್ನುವ ನಾಲಿಗೆ ನನಗೆ ದೇವರು ಕೊಟ್ಟಿಲ್ಲ. ಅವನು ಹೋದ ಮೇಲೆ ಗೋಡೆಯ ಆ ಕಡೆಯಿಂದ ಕೆಮ್ಮು ಕೇಳಿಸಿತು. ಪ್ಲೈವುಡ್ಡಿನ ಗೋಡೆಗೆ ಕಿವಿ ಇರಬೇಕಾಗಿಲ್ಲ, ಅದು ಇಡೀ ಕಿವಿಯೇ.

ಗುರುವಾರ ಬೆಳಿಗ್ಗೆ ನಾನು ಕೈ ಡ್ರಿಲ್ ತಂದು ಗೋಡೆಗೆ ತೂತು ಕೊರೆದೆ. ಮರದ ಪುಡಿ ಉದುರಿ, ತೂತು ಆಚೆ ಬಿದ್ದ ಕೂಡಲೇ ಮೊದಲು ಬಂದದ್ದು ಮಾತಲ್ಲ, ತಂಪು ಗಾಳಿ. ನೂಲಿನಷ್ಟು ತೆಳ್ಳಗೆ ಬಂದು ಕೆನ್ನೆಗೆ ತಾಗಿತು. ಹನ್ನೊಂದು ದಿನದ ಬೆವರಿನ ಮೇಲೆ. ಸ್ವಲ್ಪ ಹೊತ್ತು ಕೆನ್ನೆ ಅಲ್ಲಿಗೇ ಹಿಡಿದು ನಿಂತಿದ್ದೆ. ಆ ಕಡೆಯಿಂದ ಭಾವ ನೋಡುತ್ತಿದ್ದರೋ ಏನೋ. ಆಮೇಲೆ ವಯರು ತೂರಿಸಿದೆ. ಆ ಕಡೆಯಿಂದ ಯಾರೋ ಅದನ್ನು ಎಳೆದುಕೊಂಡರು.

ಕುದುರೆಯ ಕ್ಯಾಸೆಟ್ ತೂತಿನಲ್ಲಿ ಹೋಗುವುದಿಲ್ಲ. ಹೊರಗಿನಿಂದ ಸುತ್ತಿ ಹೋಗಿ, ಭಾವನ ಕಡೆಯ ಮೇಜಿನ ಮೇಲಿಟ್ಟು, ಅವರ ಮುಖ ನೋಡದೆ ವಾಪಸು ಬಂದೆ. ನಮ್ಮಲ್ಲಿ ಒಂದು ಕ್ರಮವಿತ್ತು. ಮೊದಲ ಪೆಟ್ಟು ತಪ್ಪಬಾರದು ಎಂದರೆ ಎರಡು ಗುಂಡಿಗಳನ್ನೂ ಒಂದೇ ಕ್ಷಣ ಒತ್ತಬೇಕು. ಅದಕ್ಕೆ ಒಬ್ಬರು ಎಣಿಸಬೇಕು. ಎಣಿಸಬೇಕೆಂದರೆ ಮಾತಾಡಬೇಕು.

"ಒತ್ತುದಾ?" ತೂತಿನಿಂದ ಭಾವನ ಸ್ವರ.

"ಒತ್ತುವಾ."

"ಒಂದು, ಎರಡು, ಮೂರು."

ಒಂದು ಮಗ್ಗುಲೆಂದರೆ ಮುಕ್ಕಾಲು ಗಂಟೆ. ಭಾವ ಹೆಡ್‌ಫೋನು ಹಾಕಿ ಸ್ವರ ಹದ ಮಾಡುತ್ತಿದ್ದರು. ಕುದುರೆಯವರನ್ನು ಅವರು ಮನಸ್ಸಿಟ್ಟು ಕೇಳಿದ್ದು ಅದೇ ಮೊದಲು. ಅರ್ಧಕ್ಕೆ ಬಂದಾಗ ತೂತಿನಿಂದ ಕೇಳಿತು: "ಈ ಡ್ರಮ್ಮಿನವನಿಗೆ ತಾಳ ಗೊತ್ತುಂಟು ಮಾರಾಯಾ."

ಸಂಗೀತ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೂ ವ್ಯವಹಾರ ಅಂದ ಮೇಲೆ ತಿರುಗಿ ಏನಾದರೂ ಕೊಡಬೇಕು. "ಕೊಡೆಯವನ ಹಾಡಲ್ಲಿ ನೋವು ಉಂಟು ಭಾವ" ಅಂದೆ. ಆ ಕಡೆಯಿಂದ "ಸುಳ್ಳು ಹೇಳ್ಬೇಡ" ಎಂದು ಬಂತು. ಸ್ವರದಲ್ಲಿ ಮಾತ್ರ ಸ್ವಲ್ಪ ನಗು ಇತ್ತು.

ಎ ಮಗ್ಗುಲು ಮುಗಿದು ಬಿ ಮಗ್ಗುಲಿಗೆ ಕ್ಯಾಸೆಟ್ ತಿರುಗಿಸುವ ಹೊತ್ತಿಗೆ ಸರಿಯಾಗಿ ಅಬು ಖಲೀಲ್ ಬಂದು, ಗೋಡೆ ಮುಗಿಯುವಲ್ಲಿ, ಇಬ್ಬರಿಗೂ ಕಾಣುವ ಹಾಗೆ ಹೊಸ್ತಿಲ ಮೇಲೆ ನಿಂತರು. "ಯಾರು ಇರುತ್ತೀರಿ?"

ಈಗ ನನ್ನ ಜೀವಮಾನದ ಅತ್ಯಂತ ಕೆಟ್ಟ ಚೌಕಾಸಿಯ ಕತೆ. ವ್ಯಾಪಾರದಲ್ಲಿ ಒಂದು ಪಟ್ಟು ಉಂಟು: ಎದುರಿನವನು ಬೇಡ ಎನ್ನುತ್ತಾನೆ ಎಂದು ಗೊತ್ತಿದ್ದರೆ ಧಾರಾಳವಾಗಿ ಎಲ್ಲವನ್ನೂ ಕೊಡಲು ಹೋಗಬೇಕು. ಭಾವನ ಮನಸ್ಸು ಬೆಣ್ಣೆ ಎಂದು ನನಗೆ ಗೊತ್ತು. ಎದೆ ಉಬ್ಬಿಸಿ ಹೇಳಿದೆ, "ಭಾವ ಇರ್ಲಿ. ಅವರು ದೊಡ್ಡವರು. ನಾನು ಊರಿಗೆ ಹೋಗ್ತೇನೆ."

"ಆಯ್ತು" ಅಂದರು ಭಾವ.

ಅಷ್ಟೇ. ಆಯ್ತು! 'ಛೆ ಛೆ' ಇಲ್ಲ, 'ನೀನೆಂತಕ್ಕೆ ಹೋಗುದು' ಇಲ್ಲ. ನನ್ನ ಬಾಯಿ ತೆರೆದೇ ಉಳಿಯಿತು. ಅಬು ಖಲೀಲರ ಮಣಿಯೂ ನಿಂತಿತು. ಎಷ್ಟು ಹೊತ್ತೋ, ನನಗಂತೂ ಇಡೀ ಸೋಡಾ ಪೆಟ್ಟಿಗೆ ತಲೆಯ ಮೇಲೆ ಬಂದು ಕೂತ ಹಾಗಾಯಿತು.

"ಹೋಗುದಾದ್ರೆ ಬಿ ಸೈಡ್ ಮುಗಿಸಿ ಹೋಗು" ಎಂದರು ಭಾವ ಆ ಕಡೆಯಿಂದ. "ಸಾಹೇಬನಿಗೆ ಮಾತು ಕೊಟ್ಟದ್ದು ನೀನು. ಮತ್ತೆ ಶನಿವಾರಕ್ಕೆ ಹೊಸ ಪೆಟ್ಟಿಗೆ ಬರ್ತದೆ, ಅದನ್ನು ಬಿಚ್ಚಿ ಹೋಗು. ಮುಂದಿನ ತಿಂಗಳು ಹಬ್ಬ, ರಶ್ ಉಂಟು, ಅದನ್ನೂ ಮುಗಿಸಿ ಹೋಗು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು, ನನ್ನ ಹತ್ರ ಕೇಳಿ ಹೋಗು. ಆಯ್ತಾ? ಒಂದು, ಎರಡು..."

ಮೂರಕ್ಕೆ ನಾನು ಗುಂಡಿ ಒತ್ತಿದೆ. ಮನಸ್ಸು ಇನ್ನೂ 'ಕೇಳಿ ಹೋಗು' ಎಂಬಲ್ಲೇ ಇದ್ದದ್ದರಿಂದ ಒಂದು ಕೂದಲೆಳೆಯಷ್ಟು ತಡವಾಯಿತು. ಟೋನಿ ಸಾಹೇಬನ ಕ್ಯಾಸೆಟ್ಟಿನ ಬಿ ಮಗ್ಗುಲಿನಲ್ಲಿ ಮೊದಲ ಪೆಟ್ಟು ಇಲ್ಲ.

ಅಬು ಖಲೀಲರಿಗೆ ನಮ್ಮ ಮಾತು ತಿಳಿಯಲಿಲ್ಲ. ಜಪಮಣಿ ಮತ್ತೆ ಓಡತೊಡಗಿತು. ಮೇಲಿನಿಂದ ಮೆಟ್ಟಿಲಲ್ಲಿ ಅಕ್ಕನ ಚಪ್ಪಲಿಯ ಸದ್ದಾಯಿತು. ಎರಡೂ ಕೈಗಳಲ್ಲಿ ಮದುವೆ ಮನೆಯ ಅಗಲದ ಒಂದು ತಟ್ಟೆ. ಅದರಲ್ಲಿ ಮೂವರಿಗಾಗುವಷ್ಟು ನೆಯ್ಚೋರು ಎಂಬ ನಮ್ಮ ತುಪ್ಪದನ್ನ, ಮೇಲೆ ಇಡೀ ಮೀನು. ಮನೆ ಬಾಗಿಲಿಗೆ ಬಂದ ಅರ್ಬಾಬನನ್ನು ಊಟದ ಹೊತ್ತಿನಲ್ಲಿ ಹಾಗೇ ಕಳಿಸುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಅತಿಥಿಯ ಜೊತೆ ಮನೆಯ ಗಂಡಸರು ಒಂದೇ ತಟ್ಟೆಗೆ ಕೈ ಹಾಕಬೇಕು, ಅದೂ ಇಬ್ಬರ ಕಡೆಯ ಕ್ರಮ.

"ತಟ್ಟೆ ಒಂದೇ ಇರುದು" ಅಂದಳು ಅಕ್ಕ. "ಎಲ್ಲಿ ಇಡುದು ಹೇಳಿ. ಕೈ ಸೋಲ್ತಾ ಉಂಟು."

ನಾನು ನನ್ನ ಕಡೆ ನೋಡಿದೆ: ನಾಲ್ಕಡಿ ಜಾಗ, ಅದರಲ್ಲಿ ಕಪಾಟು, ಡೆಕ್ಕು, ಸ್ಟೂಲು. ಭಾವ ತಮ್ಮ ಕಡೆ ನೋಡಿದರು: ಅದೇ ನಾಲ್ಕಡಿ. ಒಬ್ಬ ಅತಿಥಿಯನ್ನು ಕೂರಿಸಿ ಉಣ್ಣಿಸುವಷ್ಟು ಜಾಗ ಎರಡು ಅಂಗಡಿಗಳಲ್ಲೂ ಇರಲಿಲ್ಲ. ಅಕ್ಕ ತಟ್ಟೆ ಹಿಡಿದು ನಿಂತೇ ಇದ್ದಳು, ಮೀನಿನ ಪರಿಮಳ ಎರಡೂ ಕಡೆಗೆ ಸಮಪಾಲಾಗಿ ಹೋಗುತ್ತಿತ್ತು.

"ಸ್ಕ್ರೂಡ್ರೈವರ್ ನಿನ್ನ ಪಾಲಿಗೆ ಬಂದಿದೆ" ಅಂದರು ಭಾವ.

ಎಂಟು ಸ್ಕ್ರೂ. ಐದು ನಿಮಿಷ. ಮೊದಲಿನ ಹಾಳೆ ಕಳಚಿ, ನಾಲ್ಕು ಕ್ಯಾಸೆಟ್ ಪೆಟ್ಟಿಗೆಗಳ ಮೇಲೆ ಅಡ್ಡ ಹಾಕಿದೆವು. ವಯರು ಸಿಕ್ಕಿಕೊಂಡಿದ್ದ ಎರಡನೆಯ ಹಾಳೆಯನ್ನು ಬಿ ಮಗ್ಗುಲು ಮುಗಿಯುವವರೆಗೆ ಮುಟ್ಟಲಿಲ್ಲ, ವ್ಯಾಪಾರ ವ್ಯಾಪಾರವೇ. ಅಬು ಖಲೀಲ್ ಮೀನಿನ ಹೊಟ್ಟೆಯ ಭಾಗವನ್ನು ಮುರಿದು ಅರ್ಧ ನನ್ನ ಮುಂದೆ, ಅರ್ಧ ಭಾವನ ಮುಂದೆ ತಳ್ಳಿ, ಕಿವಿ ಡೆಕ್ಕಿನ ಕಡೆ ಇಟ್ಟು ಕೇಳಿದರು, "ಈಗ ಹಾಡುತ್ತಿರುವುದು ಯಾರು? ಅವರೋ, ಇವರೋ?" ಹೇಳಿದೆವು. "ನನಗೆ ಎರಡೂ ಒಂದೇ ಕೇಳುತ್ತದೆ" ಅಂದರು. ಲೈಸೆನ್ಸಿನ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ವಾರ ಗಾಜಿನ ಮೇಲೆ ಅಂಗಡಿಯ ಹೆಸರು ಬರೆಸಿದೆ: 'ಹಮೀದ್ ಉಮ್ಮರ್ ಕ್ಯಾಸೆಟ್ಸ್'. ಬರೆಸುವ ಮೊದಲು ಕೇಳಿದೆ. "ಬಣ್ಣ ಯಾವುದು ಭಾವ?" ಎಂದೂ ಕೇಳಿದೆ, "ಅಕ್ಷರ ಎಷ್ಟು ದೊಡ್ಡದು?" ಎಂದೂ ಕೇಳಿದೆ. ಮೂರನೆಯ ಪ್ರಶ್ನೆಗೆ ಭಾವ ಕೈ ಮುಗಿದು, "ಇನ್ನು ಸಾಕು ಮಾರಾಯಾ, ನೀನೇ ಎಂತಾದ್ರೂ ಮಾಡು" ಅಂದರು.

ಬಹರೈನು ಬಿಟ್ಟು ಊರಿಗೆ ಮರಳುವಾಗ ತೂತಿನ ಹಾಳೆಯನ್ನು ಸಾಮಾನಿನ ಪೆಟ್ಟಿಗೆಯ ಮುಚ್ಚಳ ಮಾಡಿಸಿ ತಂದೆ. ಮುಚ್ಚಳಕ್ಕೆ ಬೇರೆ ಬಾಡಿಗೆ ಇಲ್ಲ. ಈಗ ಅದಕ್ಕೆ ನಾಲ್ಕು ಕಾಲು ಬಂದು ಮೇಜಾಗಿದೆ. ತೂತಿನಲ್ಲಿ ದೀಪದ ವಯರು ಹೋಗುತ್ತದೆ.

ಇಷ್ಟು ಓದಿದವರಿಗೆ ಬುದ್ಧಿಮಾತು ಹೇಳದೆ ಬಿಟ್ಟರೆ ನಾನು ನಾನೇ ಅಲ್ಲ. ಯಾವ ತಂಡದ ಪರವಾಗಿ ಬೇಕಾದರೂ ಕೂಗಿ, ಗಂಟಲಿಗೆ ಒಳ್ಳೆಯದು. ಕೂಗುವ ಮೊದಲು ಒಮ್ಮೆ ಹಿಂತಿರುಗಿ ಸೋಡಾ ಮಾರುತ್ತಿರುವವನು ಯಾರು ಎಂದು ನೋಡಿಕೊಳ್ಳಿ. ನೀವೇ ಸೋಡಾ ಮಾರುವವರಾದರೆ ಸೋಡಾ ಮಾತ್ರ ಮಾರಿ. ಪಾಲು ಮಾಡುವ ದಿನ ಬಂದರೆ, ಜೋಡಿಯಾಗಿ ಕೆಲಸ ಮಾಡುವ ವಸ್ತುಗಳನ್ನು ಮೊದಲು ಪಟ್ಟಿ ಮಾಡಿ. ಪಟ್ಟಿ ಮುಗಿಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಇಳಿಯದೆ ಗೋಡೆ ಕಟ್ಟಲೇಬೇಕು ಎಂದಾದರೆ ಪ್ಲೈವುಡ್ಡಿನಲ್ಲೇ ಕಟ್ಟಿ, ಮತ್ತು ಬಡಗಿ ಮೊಳೆ ತೆಗೆದರೆ ಕೈ ಹಿಡಿಯಿರಿ. ಸ್ಕ್ರೂ ಹಾಕಿಸಿ. ಅದಕ್ಕೆ ಏಳು ದಿನಾರ್ ಹೆಚ್ಚು ಕೇಳುತ್ತಾನೆ. ಕೊಟ್ಟುಬಿಡಿ, ಚೌಕಾಸಿ ಬೇಡ.